ಸೋದರಮಾವ ಹೊಲಿದ ಕುಲಾವಿ

ಮೊದಲೇ ಹೇಳಿಬಿಡುತ್ತೇನೆ, ನಾನು ಸತ್ತಿಲ್ಲ. ಕಾಯಿಲೆಯವರು ಬರೆದದ್ದು ಕೈಗೆ ಸಿಕ್ಕರೆ ಕೊನೆಯ ಪುಟವನ್ನು ಮೊದಲು ತೆರೆಯುವ ಚಟ ನನ್ನದು. ಬರೆದವನು ಬದುಕಿದನೋ ಇಲ್ಲವೋ ನೋಡಲು. ಬರೆದವನು ಬದುಕಿರಲೇಬೇಕಲ್ಲ ಎಂಬುದು ನನಗೆ ಬಹಳ ತಡವಾಗಿ ಹೊಳೆಯಿತು. ನನಗೆ ಎಲ್ಲವೂ ತಡವಾಗಿಯೇ ಹೊಳೆಯುವುದು. ನನ್ನ ರೋಗವೂ ಹಾಗೆಯೇ ಹೊಳೆಯಿತು.

ನನಗೆ ಬಂದಿರುವುದು ಕುಷ್ಠ. ನಮ್ಮವ್ವ ಅದನ್ನು ‘ಅದು’ ಅನ್ನುತ್ತಾಳೆ. ಅಪ್ಪ ಏನೂ ಅನ್ನುವುದಿಲ್ಲ. ಈಗಲೂ ಮಾತ್ರೆ ನುಂಗುತ್ತಿದ್ದೇನೆ, ಎಡಗೈಯ ಕೊನೆಯ ಎರಡು ಬೆರಳು ಅರ್ಧ ಮಡಚಿಕೊಂಡೇ ಇರುತ್ತವೆ. ವಡಾಲದ ಆ ಉದ್ದ ಗೋಡೆಯ ಹಿಂದಿನ ಆಸ್ಪತ್ರೆಗೆ ಇವತ್ತು ಮೊದಲ ಸಲ ಹೋಗಿಬಂದ ಯಾರಾದರೂ ಇದನ್ನು ಓದಿದರೆ, ತನಗಿಂತ ದೊಡ್ಡ ದಡ್ಡನೊಬ್ಬ ಅಲ್ಲಿಗೆ ಮೊದಲೇ ಹೋಗಿದ್ದ ಎಂದು ಸಮಾಧಾನ ಮಾಡಿಕೊಳ್ಳಲಿ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಹುಚ್ಚು ಹೊಲಿಗೆ. ನಮ್ಮದು ವಡಾಲದ ಒಂದು ಚಾಳಿನಲ್ಲಿ ಒಂದೇ ಕೋಣೆಯ ಮನೆ, ಮುಂದೆ ಎಲ್ಲರಿಗೂ ಸೇರಿದ ಉದ್ದನೆಯ ಗ್ಯಾಲರಿ. ಆ ಕೋಣೆಗೆ ಕಾಲಿನಿಂದ ತುಳಿಯುವ ಮಷೀನು ಬಂದದ್ದು ಅಕ್ಕ ಶಾಂತಾಳಿಗೆಂದು. ಮದುವೆಗೆ ಮುಂಚೆ ಹುಡುಗಿಗೆ ಹೊಲಿಗೆ ಬರಬೇಕು ಎಂದು ಅವ್ವ ಹಟ ಹಿಡಿದಿದ್ದಳು. ಅಕ್ಕನಿಗೆ ಸೂಜಿ ಕಂಡರೆ ಆಗದು. ಅವಳು ಗಂಡನ ಮನೆ ಬೆಳಗಾವಿಗೆ ಹೋದಳು, ಮಷೀನು ನನ್ನ ಪಾಲಿಗೆ ಉಳಿಯಿತು. ರೇ ರೋಡಿನ ವರ್ಕ್‌ಶಾಪಿನ ಆಫೀಸಿನಲ್ಲಿ ಗುಮಾಸ್ತಗಿರಿ ಮುಗಿಸಿ ಬಂದವನೇ ಮಷೀನಿನ ಮುಂದೆ ಕೂರುತ್ತಿದ್ದೆ.

ಬೆಲ್‌ಬಾಟಂ ಆಗಷ್ಟೇ ಬಂದಿತ್ತು. ನಾನು ಹೊಲಿದ ಮೊದಲ ಬೆಲ್‌ಬಾಟಮ್ಮಿನ ಒಂದೊಂದು ಕಾಲಿನಲ್ಲಿ ಒಂದೊಂದು ಸಂಸಾರ ಹೂಡಬಹುದಿತ್ತು. ಲೋಕಲ್ ಟ್ರೇನಿನ ಬಾಗಿಲಲ್ಲಿ ನಿಂತರೆ ಗಾಳಿ ತುಂಬಿಕೊಂಡು ನನ್ನನ್ನು ಹಾಯಿಯಂತೆ ಎಳೆಯುತ್ತಿತ್ತು. ಒಂದು ಶರ್ಟಿಗೆ ಜೇಬನ್ನು ತಲೆಕೆಳಗಾಗಿ ಹೊಲಿದಿದ್ದೆ. ಅದು ಗೊತ್ತಾದದ್ದು ಟಿಕೆಟ್ ಚೆಕ್ಕರ್ ಎದುರು ನಿಂತು ಪಾಸ್ ಹುಡುಕಿದಾಗ. ಇನ್ನೊಂದು ಶರ್ಟಿನ ತೋಳುಗಳು ಅದಲುಬದಲಾಗಿ, ಹಾಕಿಕೊಂಡರೆ ಕೈಗಳು ತಾವಾಗಿಯೇ ಬೆನ್ನ ಹಿಂದೆ ಹೋಗಿ ಪೊಲೀಸರು ಹಿಡಿದೊಯ್ಯುವ ಕಳ್ಳನಂತೆ ಕಾಣುತ್ತಿದ್ದೆ.

ಅಪ್ಪ ಬೈಕುಲ್ಲಾದ ತರಕಾರಿ ಮಾರ್ಕೆಟ್ಟಿನಲ್ಲಿ ಒಬ್ಬ ವ್ಯಾಪಾರಿಯ ಹತ್ತಿರ ಲೆಕ್ಕ ಬರೆಯುತ್ತಿದ್ದ. ದಿನವಿಡೀ ಹಮಾಲರ ಜೊತೆ ಕೂಗಿ ಬಂದ ಗಂಟಲಿನಲ್ಲೇ ನನ್ನನ್ನು ಮಾತಾಡಿಸುತ್ತಿದ್ದ.

“ಏ ದರ್ಜಿ ದೊರಿ! ಇದು ಪ್ಯಾಂಟೋ, ಸರ್ಕಸ್ಸಿನ ಡೇರೆನೋ?”

“ಫ್ಯಾಶನ್ ಅಪ್ಪಾ.”

“ಫ್ಯಾಶನ್ನಂತ! ಗಂಡ್ಸಾಗಿ ಮಷೀನ್ ತುಳಿಯಾಕತ್ತಿ. ನಾಳೆ ಬಾಜೂ ಮನಿ ಹೆಂಗಸ್ರು ಜಂಪರ್ ಅಳತಿ ಕೊಡಾಕ ಬರ್ತಾರ, ಆವಾಗ ನಾನು ಎಲ್ಲಿ ಮುಖ ಇಟ್ಕೊಳ್ಳಿ?”

ಹಾಗೆ ಬೈದವನ ಪಾಯಿಜಾಮವೂ ನಾನು ಹೊಲಿದದ್ದೇ. ಅವ್ವನ ಜಂಪರುಗಳೂ ನನ್ನವೇ. ಪಕ್ಕದ ಮನೆಯ ಕಮಲಾಕಾಕು ಗ್ಯಾಲರಿಯ ಹಗ್ಗದ ಮೇಲೆ ಒಣಗಿದ ನಮ್ಮ ಬಟ್ಟೆ ನೋಡಿ, “ಸುರ್ಯಾ, ತುಮ್ಹಾರಾ ಘರ್ ಕಾ ಬಟ್ಟಿ ದೂರದಿಂದನ ಗುರ್ತು ಸಿಗ್ತಾವ ನೋಡು, ಎಲ್ಲಾ ವಾಕ್ಡಾ!” ಎಂದು ನಗುತ್ತಿದ್ದಳು. ಡೊಂಕು ಎನ್ನುವುದಕ್ಕೆ ಅವಳ ಬಾಯಲ್ಲಿ ಮರಾಠಿಯೇ ಬರುತ್ತಿತ್ತು.

ಇದರ ನಡುವೆ ಎಡಗೈಯ ಕಿರುಬೆರಳು ಜೋಮು ಹಿಡಿಯಲು ಶುರುವಾಯಿತು. ಆಮೇಲೆ ಪಕ್ಕದ ಬೆರಳು. ದೊಡ್ಡ ದರ್ಜಿಗಳ ಬೆರಳು ಸೂಜಿ ತಾಗಿ ತಾಗಿ ಮರಗಟ್ಟುತ್ತದೆ ಎಂದು ಯಾರೋ ಹೇಳಿದ್ದನ್ನು ಕೇಳಿದ್ದೆ. ಸರಿ, ನನ್ನ ಕೈಯೂ ಪಳಗಿತು ಎಂದು ಹಿಗ್ಗಿದೆ! ಹಿಗ್ಗಿ ಸುಮ್ಮನಿರುವ ಜಾತಿಯೇ ನಾನು? ಗ್ಯಾಲರಿಯಲ್ಲಿ ನಾಲ್ಕು ಜನ ಸೇರಿದರೆ ಸಾಕು, ಕಿರುಬೆರಳಿಗೆ ಗುಂಡುಪಿನ್ನು ಚುಚ್ಚಿಕೊಂಡು ನಗುತ್ತಾ ನಿಲ್ಲುತ್ತಿದ್ದೆ. ಜನ ಚಪ್ಪಾಳೆ ಹೊಡೆಯುತ್ತಿದ್ದರು. ಒಂದು ದಿನ ಶರ್ಟಿಗೆ ಇಸ್ತ್ರಿ ಹಾಕುವಾಗ ಸುಟ್ಟ ವಾಸನೆ ಬಂತು. ಕೆಳಗಿನ ಮನೆಯವರು ಮೀನು ಸುಡುತ್ತಿದ್ದಾರೆಂದು ಮೂಗು ಮುಚ್ಚಿಕೊಂಡು ಬೈದೆ. ಸುಡುತ್ತಿದ್ದದ್ದು ನನ್ನ ಅಂಗೈಯ ಅಂಚು. ಕೆಂಡದ ಇಸ್ತ್ರಿಪೆಟ್ಟಿಗೆಗೆ ಒರಗಿಸಿಕೊಂಡು ನಿಂತಿದ್ದೆ. ಬೊಬ್ಬೆ ಎದ್ದದ್ದನ್ನೂ ಜೋಕು ಮಾಡಿ ಆಫೀಸಿನಲ್ಲಿ ಹೇಳಿ ನಗಿಸಿದೆ.

ಆ ವರ್ಷವೇ ಅಕ್ಕ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಅವಳಿಗೊಂದು ಸಡಿಲವಾದ ಮ್ಯಾಕ್ಸಿ ಹೊಲಿಯುವುದೆಂದು ಕೂತೆ. ಹೊಟ್ಟೆಯ ಅಳತೆ ತೆಗೆದು, “ಅಕ್ಕಾ, ಇಷ್ಟು ಬಟ್ಟಿ ಮಾರ್ಕೆಟ್ನ್ಯಾಗ ಸಿಗೂದಿಲ್ಲ, ಮಿಲ್ಲಿಗೇ ಹೋಗಬೇಕು” ಎಂದೆ. ಅವಳು ಮಂಚದ ಮೇಲೆ ಕೂತು ಚುರುಮುರಿ ತಿನ್ನುತ್ತಾ ನನ್ನತ್ತ ಒಂದು ಹಿಡಿ ಎಸೆದಳು. ನಾನು ಮಷೀನು ತುಳಿಯುತ್ತಾ ಅವಳ ಗಂಡನ ಮೀಸೆಯ ಬಗ್ಗೆ ಏನೋ ಹೇಳುತ್ತಿದ್ದೆ.

“ಸುರ್ಯಾ! ಕೈ! ಕೈ ನೋಡೋ!”

ನೋಡಿದೆ. ಸೂಜಿ ಕಿರುಬೆರಳಿನೊಳಗಿಂದ ಬಟ್ಟೆಗೆ ಹೋಗಿತ್ತು. ನಾನು ಮಾತಿನ ಭರದಲ್ಲಿ ಇನ್ನೂ ತುಳಿಯುತ್ತಲೇ ಇದ್ದೆ. ತಿಳಿಹಳದಿ ಮ್ಯಾಕ್ಸಿಯ ಮೇಲೆ ರಕ್ತ ಹರಡುತ್ತಿತ್ತು.

“ಹೆದರಬ್ಯಾಡ ಅಕ್ಕಾ, ಮ್ಯಾಕ್ಸಿ ಜೊತಿ ದರ್ಜೀನೂ ಫ್ರೀ” ಎಂದೆ.

ಅಕ್ಕ ನಗಲಿಲ್ಲ. ಚಕ್ರವನ್ನು ಕೈಯಿಂದ ತಿರುಗಿಸಿ ಸೂಜಿಯನ್ನು ಮೇಲಕ್ಕೆ ತಂದಳು. ಸೂಜಿ ಕಂಡರೆ ಓಡುತ್ತಿದ್ದ ಅಕ್ಕ!

“ನಿನಗ ನೋವಾಗಲಿಲ್ಲೇನು?”

“ಇಲ್ಲ.”

“ಖರೇ ಹೇಳು ಸುರ್ಯಾ.”

“ಖರೇನ ಇಲ್ಲ. ಅದಕ್ಕ ಪಳಗಿದ ಕೈ ಅಂತಾರ.”

ಅವಳು ನನ್ನ ತೋಳನ್ನು ಹಿಡಿದು ಬೆಳಕಿಗೆ ತಿರುಗಿಸಿದಳು. ಮೊಣಕೈಯ ಕೆಳಗೆ ಒಂದು ಬಿಳಚಿದ ಕಲೆ ಇತ್ತು. ಚಿಬ್ಬು ಎಂದು ನಾನು ಬಿಟ್ಟಿದ್ದೆ. ಅಕ್ಕ ಅದರ ಮೇಲೆ ಉಗುರು ಊರಿದಳು. ಊರಿದ್ದು ನನ್ನ ಕಣ್ಣಿಗೆ ಕಾಣುತ್ತಿತ್ತು, ಚರ್ಮಕ್ಕೆ ತಿಳಿಯುತ್ತಿರಲಿಲ್ಲ. ಅವಳು ಮೆಲ್ಲಗೆ ನನ್ನ ಕೈ ಬಿಟ್ಟು, ತನ್ನ ಕೈಯನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಆಮೇಲೆ ಏನನ್ನೋ ನೆನೆಸಿಕೊಂಡವಳಂತೆ ಆ ಕೈಯನ್ನು ಹೊಟ್ಟೆಯಿಂದ ತೆಗೆದು, ಎದ್ದು ಹೋಗಿ ಸೋಪು ಹಚ್ಚಿ ತೊಳೆದಳು.

ಮಾಟುಂಗದಲ್ಲಿ ನಮಗೆ ಗೊತ್ತಿದ್ದ ಡಾಕ್ಟರು ಉಡುಪಿ ಕಡೆಯವರು. ಕಣ್ಣು ಮುಚ್ಚಿಸಿ ಕೂರಿಸಿದರು. “ನಾನು ಹತ್ತಿ ತಾಗಿಸ್ತೇನೆ. ತಾಗಿದಾಗ ‘ಹೂಂ’ ಅನ್ನಿ, ಆಯ್ತಾ?”

ಶಾಲೆಯಿಂದಲೂ ಪರೀಕ್ಷೆಯಲ್ಲಿ ಊಹೆ ಹೊಡೆದೇ ಪಾಸಾದವನು ನಾನು. ಒಂದು ಲಯ ಹಿಡಿದು ‘ಹೂಂ, ಹೂಂ’ ಎನ್ನುತ್ತಾ ಹೋದೆ. ಎಲ್ಲಾ ಸರಿಯುತ್ತರ ಎಂಬ ನಂಬಿಕೆಯಿಂದ ಕಣ್ಣು ಬಿಟ್ಟರೆ ಡಾಕ್ಟರು ಎರಡೂ ಕೈ ಕಟ್ಟಿಕೊಂಡು ನನ್ನನ್ನೇ ನೋಡುತ್ತಿದ್ದರು.

“ಎಂಥದು ಮಾರಾಯ್ರೆ, ಆಗಿನಿಂದ ನಾನು ಮುಟ್ಟಲೇ ಇಲ್ಲ.”

ಅಪ್ಪ ಪಕ್ಕದಲ್ಲಿ ನಿಂತಿದ್ದ. ಎಂದಿನಂತೆ “ಮುಟ್ಠಾಳ” ಅನ್ನುತ್ತಾನೆ ಎಂದು ಕಾದೆ. ಅನ್ನಲಿಲ್ಲ. ಹೊರಗೆ ಬಂದು ಬಸ್ ಸ್ಟಾಪಿನಲ್ಲಿ, “ನೀ ಕೂಡಪಾ, ನಾ ನಿಂದರ್ತೀನಿ” ಎಂದ. ಅಪ್ಪ ನನ್ನನ್ನು ಬಹುವಚನದಲ್ಲಿ ಕರೆದಿದ್ದರೂ ನಾನು ಅಷ್ಟು ಹೆದರುತ್ತಿರಲಿಲ್ಲ. ಅವನ ಬೈಗುಳ ಅವತ್ತು ನಿಂತದ್ದು ಇವತ್ತಿಗೂ ಮರಳಿ ಬಂದಿಲ್ಲ. ಬೇಕೆಂದೇ ಅತಿ ಕೆಟ್ಟ ಬಣ್ಣದ ಶರ್ಟು ಹೊಲಿದು ಅವನ ಮುಂದೆ ಓಡಾಡಿ ನೋಡಿದ್ದೇನೆ. “ಛಲೋ ಐತಿ” ಅನ್ನುತ್ತಾನೆ.

ಆ ಡಾಕ್ಟರು ಕಳಿಸಿದ್ದು ವಡಾಲದ ಆಸ್ಪತ್ರೆಗೆ. ಚಿಕ್ಕಂದಿನಿಂದ ಆ ಗೋಡೆಯ ಪಕ್ಕ ಉಸಿರು ಬಿಗಿಹಿಡಿದು ಓಡುತ್ತಿದ್ದೆವು. ಒಳಗೆ ಹೋದ ದಿನವೂ ಗೇಟಿನಿಂದ ಉಸಿರು ಬಿಗಿಹಿಡಿದೇ ನಡೆದೆ. ಎಷ್ಟು ದೂರ ಬರುತ್ತದೆ ಉಸಿರು? ಔಷಧಿ ಕೊಡುವ ಕಿಟಕಿಯ ಹತ್ತಿರ ಬುಸ್ಸೆಂದು ಬಿಟ್ಟೆ. ಅಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಬೆಂಚುಗಳಲ್ಲಿ ಜಾಗವಿತ್ತು. ನಾನು ಗೋಡೆಗೂ ತಾಗದೆ, ಕಂಬಕ್ಕೂ ತಾಗದೆ, ಪ್ಯಾಂಟಿನ ಅಗಲ ಕಾಲುಗಳನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಕೊಚ್ಚೆ ದಾಟುವ ಹೆಂಗಸಿನಂತೆ ನಿಂತಿದ್ದೆ. ಬಿಜಾಪುರ ಕಡೆಯ ಒಬ್ಬ ಮುದುಕ, ಕಟ್ಟಡದ ಕೆಲಸ ಮಾಡಿ ಮಾಡಿ ಕಾಲು ಹುಣ್ಣಾಗಿ ಬ್ಯಾಂಡೇಜು ಸುತ್ತಿಕೊಂಡವನು, ನನ್ನನ್ನು ನೋಡುತ್ತಲೇ ಇದ್ದ.

“ತಮ್ಮಾ, ಹೊಸದಾಗಿ ಬಂದಿ ಏನು?”

“ಇಲ್ರೀ, ನಾನು... ನಮ್ಮವರೊಬ್ರನ್ನ ನೋಡಾಕ ಬಂದೀನಿ.”

“ಹೌದು, ನಾನೂ ಮೊದಲ ದಿನ ನಮ್ಮವ್ರನ್ನ ನೋಡಾಕ ಬಂದಿದ್ನಿ.” ಅವನು ಹೆಗಲ ಮೇಲಿನ ಟವೆಲ್ಲನ್ನು ತೆಗೆದು ಬೆಂಚಿನ ಮೇಲೆ ಹಾಸಿದ. “ಒಗದ ಟವೆಲ್ ಐತಿ, ಕೂಡು.”

ಕೂತೆ. ಹೀಗೆ ಯಾರೂ ನನ್ನನ್ನು ಕೂರಿಸಿರಲಿಲ್ಲ. ಅಳು ಬಂತು. ಅಳು ಬಂದರೆ ನನ್ನ ಮೂಗು ಮೊದಲು ಸುರಿಯುತ್ತದೆ, ನೋಡುವವರಿಗೆ ನೆಗಡಿ ಅನ್ನಿಸುತ್ತದೆ. ಮುದುಕ ಶೀತಕ್ಕೆ ಏನು ಕುಡಿಯಬೇಕೆಂದು ಹೇಳುತ್ತಾ ಹೋದ. ಅವನಿಗೆ ಗೊತ್ತಿತ್ತು.

ಕಿವಿಯ ಹಾಲೆಯನ್ನು ಚೂರು ಗೀರಿ ಪರೀಕ್ಷೆಗೆ ತೆಗೆದುಕೊಂಡರು. ಮುಂದಿನ ಭೇಟಿಯಲ್ಲಿ ಅಲ್ಲಿನ ಡಾಕ್ಟರು, ನಿನ್ನದು ಬೇರೆಯವರಿಗೆ ಹರಡುವಂಥದ್ದಲ್ಲ, ಮಾತ್ರೆ ತಪ್ಪಿಸಬೇಡ, ಕೆಲಸಕ್ಕೆ ಹೋಗು, ಮನೆಯಲ್ಲೇ ಇರು ಎಂದರು. ಮನೆಯಲ್ಲಿ ಬಸುರಿ ಅಕ್ಕ ಇದ್ದಾಳೆ ಎಂದೆ. “ಬಚ್ಚೇ ಕೋ ಕುಛ್ ನಹೀಂ ಹೋಗಾ” ಎಂದರು. ಕೂಸಿಗೆ ಏನೂ ಆಗುವುದಿಲ್ಲ! ಆ ಒಂದು ಮಾತನ್ನು ಪೇಢೆಯ ಪೊಟ್ಟಣದಂತೆ ಹಿಡಿದುಕೊಂಡು ಮನೆಗೆ ಓಡಿಬಂದೆ.

ಅಪ್ಪ ಅದನ್ನು ಎರಡು ಸಲ ಹೇಳಿಸಿದ. ಅಕ್ಕ ತಲೆ ಬಗ್ಗಿಸಿ ಕೇಳಿದಳು. ಅವ್ವ ಅಕ್ಕಿ ಆರಿಸುತ್ತಾ ಹೇಳಿದಳು: “ಡಾಕ್ಟರು ಹೇಳ್ತಾರಪಾ. ಕೂಸು ಹುಟ್ಟೂದು ಅವರ ಮನ್ಯಾಗಲ್ಲಲ್ಲ.”

ಅಂದಿನಿಂದ ನನ್ನ ತಾಟು ಬೇರೆಯಾಯಿತು, ಲೋಟ ಬೇರೆಯಾಯಿತು. ಬಾಣಂತಿಗೆ ಜಾಗ ಬೇಕು ಎಂಬ ನೆಪ ಸಿಕ್ಕಿದ್ದರಿಂದ ಚಾಳಿನವರಿಗೆ ಏನೂ ತಿಳಿಯದಂತೆ ನನ್ನ ಹಾಸಿಗೆಯೂ ಮಷೀನೂ ಗ್ಯಾಲರಿಗೆ ಬಂದವು. ಬೈದರೆ ಜಗಳವಾಡಬಹುದಿತ್ತು. ಅವ್ವ ಬೈಯಲಿಲ್ಲ. ಬಿಸಿ ರೊಟ್ಟಿಯ ಮೇಲೆ ಮೊದಲಿಗಿಂತ ಹೆಚ್ಚು ಬೆಣ್ಣೆ ಹಾಕಿ, ತಾಟನ್ನು ಹೊಸ್ತಿಲ ಹೊರಗೆ ಇಟ್ಟು, ನಾನು ತೆಗೆದುಕೊಳ್ಳುವ ಮೊದಲೇ ಕೈ ಹಿಂದಕ್ಕೆ ತೆಗೆಯುತ್ತಿದ್ದಳು. ಕೈ ತೆಗೆದುಕೊಂಡದ್ದಕ್ಕೆ ಒಳಗೆ ಹೋಗಿ ಅಳುತ್ತಿದ್ದಳು. ಬಟ್ಟೆ ಒಣಹಾಕುವ ಹಗ್ಗ ನನ್ನ ಹಾಸಿಗೆಯ ಮೇಲೆಯೇ ಇತ್ತು. ನಾನು ಹೊಲಿದ ಜಂಪರುಗಳು ಒಂದೊಂದಾಗಿ ಅದರ ಮೇಲಿಂದ ಕಾಣೆಯಾದವು. ಆಮೇಲೆ ಅಪ್ಪನ ಪಾಯಿಜಾಮ. ಹಗ್ಗದ ಮೇಲೆ ಡೊಂಕಾಗಿ ನೇತಾಡುವುದು ಕೊನೆಗೆ ನನ್ನ ಬಟ್ಟೆ ಮಾತ್ರ ಆಯಿತು. ಈಗಲೂ ನಾನು ಹೊಲಿಯುವುದು ನನಗೊಬ್ಬನಿಗೇ. ಅಳತೆ ಕೊಡಲು ಬೇರೆ ಯಾರೂ ಬರುವುದಿಲ್ಲ.

ರೇ ರೋಡ್ ಸ್ಟೇಷನ್ನಿನಲ್ಲಿ ಎಡಗೈಯನ್ನು ಜೇಬಿನಲ್ಲಿ ಇಟ್ಟುಕೊಂಡು ಪ್ಲಾಟ್‌ಫಾರ್ಮಿನ ತೀರಾ ಅಂಚಿಗೆ ನಿಲ್ಲುವ ಅಭ್ಯಾಸ ಶುರುವಾಯಿತು. ಬರುವ ಲೋಕಲ್ಲನ್ನು ನೋಡುತ್ತಾ ನಿಲ್ಲುತ್ತಿದ್ದೆ. ಯಾಕೆ ಎಂದು ಬಿಡಿಸಿ ಹೇಳುವುದಿಲ್ಲ, ಆಸ್ಪತ್ರೆಯ ಆ ಬೆಂಚಿನ ಮೇಲೆ ಕೂತವರಿಗೆ ಗೊತ್ತಾಗುತ್ತದೆ. ಒಂದು ಸಂಜೆ ಅಲ್ಲಿಂದ ಹಿಂದೆ ಸರಿದದ್ದು ಮೈಮೇಲಿದ್ದ ಪ್ಯಾಂಟು ನಾನೇ ಹೊಲಿದದ್ದು ಎಂಬ ನಾಚಿಕೆಯಿಂದ. ಪೇಪರಿನಲ್ಲಿ ಆ ಹೊಲಿಗೆಯ ಫೋಟೋ ಬಂದರೆ? ನಗಬಹುದು ನೀವು. ನಾನೂ ನಕ್ಕೆ.

ಇನ್ನೊಂದು ಕಾರಣವಿತ್ತು, ಅಕ್ಕನ ಕೂಸು. ನಮ್ಮ ಮನೆತನದಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಸೋದರಮಾವ ಕುಲಾವಿ ತಂದು, ತನ್ನ ಕೈಯಾರೆ ಅದರ ತಲೆಗೆ ತೊಡಿಸಬೇಕು. ಕುಲಾವಿಯೆಂದರೆ ಕಿವಿ ಮುಚ್ಚಿ ಗದ್ದದ ಕೆಳಗೆ ಲಾಡಿ ಕಟ್ಟುವ ಪುಟ್ಟ ಟೋಪಿ. ಅಕ್ಕನಿಗೆ ನಾನೊಬ್ಬನೇ ತಮ್ಮ. ಕೂಸನ್ನು ಒಂದು ಸಲ ಮುಟ್ಟಲು ಬಿಡುತ್ತಾರೋ ಇಲ್ಲವೋ? ರೋಗ, ಕೈ, ಕೆಲಸ ಎಲ್ಲ ಹಿಂದೆ ಬಿದ್ದು ನನ್ನ ತಲೆಯಲ್ಲಿ ಅದೊಂದೇ ಉಳಿದಿತ್ತು.

ಹೆಣ್ಣು ಕೂಸು ಹುಟ್ಟಿತು. ಹೆರಿಗೆ ಆಸ್ಪತ್ರೆಯಿಂದ ಟ್ಯಾಕ್ಸಿ ಬಂದಾಗ ಓಡಿಹೋಗಿ ಬಾಗಿಲು ತೆಗೆದೆ. ಅಕ್ಕ ಆ ಕಡೆಯ ಬಾಗಿಲಿನಿಂದ ಇಳಿದಳು. ತೆರೆದ ಬಾಗಿಲು ಹಿಡಿದುಕೊಂಡು ಖಾಲಿ ಸೀಟಿಗೆ ಸಲಾಂ ಹೊಡೆದೆ. ಡ್ರೈವರ್ ಮಾತ್ರ ನಕ್ಕ.

ಕೂಸಿನ ತಲೆಯ ಅಳತೆ ನನಗೆ ಗೊತ್ತಿಲ್ಲ. ಅಂದಾಜಿನ ಮೇಲೆ ಹೊಲಿದ ಮೊದಲ ಕುಲಾವಿ ನನ್ನ ಮೊಣಕಾಲಿಗೆ ಸರಿಹೋಯಿತು, ಎರಡನೆಯದು ನಿಂಬೆಹಣ್ಣಿಗೆ. ಒಂದು ಮಧ್ಯಾಹ್ನ ಅವ್ವ ನೀರಿಗೆ ಹೋದಾಗ ಕಿಟಕಿಯ ಹತ್ತಿರ ಅಕ್ಕ ಬಂದಳು. ಒಂದು ದಾರದ ತುಂಡನ್ನು ಸರಳಿನ ಮೇಲೆ ಹಾಕಿದಳು.

“ತಲಿ ಅಳತಿ. ಗಂಟು ಹಾಕೀನಿ ನೋಡು.”

“ಅಕ್ಕಾ, ನಾ ಹೊಲದ್ರ ಹಾಕ್ತೀಯಿಲ್ಲೋ?”

ಅವಳು ಒಳಗೆ ಮಲಗಿದ್ದ ಕೂಸಿನ ಕಡೆ ನೋಡಿದಳು. “ಹೊಲಿ ನೀ” ಎಂದಳು, ಅಷ್ಟೇ.

ಹೊಲಿದೆ. ಕೆಂಪು ಖಣದ ಬಟ್ಟೆ. ಮಡಚಿದ ಬೆರಳುಗಳ ಕೆಳಗೆ ಬಟ್ಟೆ ನಿಲ್ಲುತ್ತಿರಲಿಲ್ಲ, ಎಲ್ಲಿ ಸೂಜಿ ಎಲ್ಲಿ ಬೆರಳು ಎಂದು ಕಣ್ಣಿನಿಂದಲೇ ಕಾಯಬೇಕು. ರಕ್ತದ ಕಲೆ ಎಲ್ಲಾದರೂ ಆಗಿದೆಯೇ ಎಂದು ಮತ್ತೆ ಮತ್ತೆ ಬಿಸಿಲಿಗೆ ಹಿಡಿದು ನೋಡಿದೆ. ಇರಲಿಲ್ಲ. ನನ್ನ ಜನ್ಮದಲ್ಲಿ ನೇರವಾಗಿ ಬಂದ ಹೊಲಿಗೆ ಅದೊಂದೇ. ಯಾರ ಆಣೆ ಬೇಕಾದರೂ ಹಾಕುತ್ತೇನೆ.

ತೊಟ್ಟಿಲಿಗೆ ಹಾಕುವ ದಿನ ಬೆಳಿಗ್ಗೆ ಅವ್ವ ಬಾಗಿಲಿಗೆ ಅಕ್ಕಿ ಕೇರುವ ಮರ ತಂದಳು. “ಇದರಾಗ ಇಡಪಾ” ಎಂದಳು. ಮರದಲ್ಲಿ ಕುಲಾವಿಯನ್ನು ಇಟ್ಟೆ. ಅವಳು ಅದನ್ನು ಒಳಗೆ ಒಯ್ದಳು.

ಚಾಳಿನ ಹೆಂಗಸರೆಲ್ಲ ಸೇರಿದರು. ಅಕ್ಕನ ಅತ್ತೆ ಬೆಳಗಾವಿಯಿಂದ ಬಂದಿದ್ದರು. ನಾನು ಹೊಸ ಬೆಲ್‌ಬಾಟಂ ಹಾಕಿಕೊಂಡು ಗ್ಯಾಲರಿಯಲ್ಲಿ, ಬಾಗಿಲ ಪಕ್ಕ ನಿಂತಿದ್ದೆ. ಕಮಲಾಕಾಕು ಕೂಸನ್ನು ಎತ್ತಿಕೊಂಡಿದ್ದಳು. ಅದರ ತೊಡೆಯ ಮೇಲೆ ಒಂದು ಕುಲಾವಿ ಇಟ್ಟಿದ್ದರು, ನನ್ನ ಕೆಂಪು ಖಣದ್ದಲ್ಲ. ಹಳದಿ ಸ್ಯಾಟಿನ್, ಸುತ್ತಲೂ ಲೇಸು, ಕಿವಿಯ ಹತ್ತಿರ ಬಟ್ಟೆಯ ಗುಲಾಬಿ. ಮಾಟುಂಗದ ಅಂಗಡಿಗಳ ಗಾಜಿನ ಹಿಂದೆ ಅಂಥವನ್ನು ನೋಡಿದ್ದೆ.

“ಅಗಬಾಯಿ! ಇದನ್ನ ಸುರ್ಯಾ ಹೊಲದಾನ?” ಕಾಕು ಕೂಗಿದಳು. “ಏನ್ ಬಾರೀಕ್ ಕಾಮ್ ರೀ! ಇಷ್ಟ್ ದಿನ ವಾಕ್ಡಾ ವಾಕ್ಡಾ ಅಂತಿದ್ನಲ್ಲ, ನನ್ನ ಬಾಯಿಗೆ ಮಣ್ಣ ಹಾಕ!”

“ಹೌದು, ಅವನ ಹೊಲದಾನ” ಎಂದಳು ಅವ್ವ. ನನ್ನತ್ತ ನೋಡಲಿಲ್ಲ.

ಎಲ್ಲರೂ ಆ ಹೊಲಿಗೆಯನ್ನು ಬೆರಳಿನಿಂದ ಸವರಿ ಸವರಿ ಹೊಗಳಿದರು. ಅಷ್ಟು ಹೊಗಳಿಕೆ ನನಗೆ ಎಂದೂ ಸಿಕ್ಕಿರಲಿಲ್ಲ. “ಆರ್ಡರ್ ಇದ್ರ ಈಗ ಹೇಳ್ರಿ, ಆಮೇಲೆ ಕೈ ಖಾಲಿ ಇರೂದಿಲ್ಲ” ಎಂದೆ. ನಕ್ಕರು.

“ಅಲ್ಲೇನ್ ನಿಂತಿ? ಬಾರೋ ಮಾಮಾ, ನೀನ ತೊಡಿಸಬೇಕಲ್ಲ!” ಕಾಕು ನನ್ನ ಬಲಗೈ ಹಿಡಿದು ಒಳಗೆ ಎಳೆದೇಬಿಟ್ಟಳು. ಅವಳಿಗೇನು ಗೊತ್ತು! ಎಷ್ಟೋ ದಿನಗಳ ಮೇಲೆ ಒಬ್ಬರು ನನ್ನ ಕೈ ಹಿಡಿದಿದ್ದರು. ಕೂಸನ್ನು ನನ್ನ ಮುಂದೆ ಹಿಡಿದಳು. ಅಷ್ಟು ಹತ್ತಿರದಿಂದ ನಾನು ಅದನ್ನು ನೋಡಿದ್ದು ಆಗಲೇ. ಮೂಗು ನಮ್ಮಪ್ಪನದು. ಹಾಲಿನ, ಎಣ್ಣೆಯ ವಾಸನೆ. ಕೂಸು ನನ್ನ ಶರ್ಟಿನ ಗುಂಡಿಯನ್ನೇ ನೋಡುತ್ತಿತ್ತು.

ಅಪ್ಪ ಮೂಲೆಯಲ್ಲಿ ಗೋಡೆಯ ಕಡೆ ತಿರುಗಿಕೊಂಡ. ಅಕ್ಕ ಎದ್ದು ನಿಂತಿದ್ದಳು. ಬೇಡ ಎಂದರೆ ಅತ್ತೆಗೆ ಕಾರಣ ಹೇಳಬೇಕು, ಬೇಡ ಅನ್ನದಿದ್ದರೆ ನಾನು ಮುಟ್ಟುತ್ತೇನೆ. ಕೂಸಿಗೆ ಏನೂ ಆಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಕೈ ಚಾಚಿದ್ದರೆ ಆ ಕೋಣೆಯಲ್ಲಿ ಯಾರೂ ನನ್ನನ್ನು ತಡೆಯುವಂತಿರಲಿಲ್ಲ.

“ಅಯ್ಯಯ್ಯೋ, ಕಾಕು!” ಎಂದು ಒಂದೇ ನೆಗೆತಕ್ಕೆ ಹಿಂದೆ ಹಾರಿದೆ. ಪ್ಯಾಂಟಿನ ಎರಡೂ ಕಾಲುಗಳನ್ನು ಮೊಣಕಾಲಿನವರೆಗೆ ಎತ್ತಿ ಹಿಡಿದೆ. “ಹೊಸಾ ಬೆಲ್‌ಬಾಟಂ! ಅದರ ಮುಖ ನೋಡ್ರಿ, ಈಗ ನಳ ಬಿಡೂದೈತಿ! ನೀವ ತೊಡಿಸ್ರಿ, ನಾ ನೆನದು ಹೊಲಸಾದ್ರ ನನ್ನ ಯಾರು ಒಗೀತಾರ?”

ಹೆಂಗಸರು ಬಿದ್ದು ಬಿದ್ದು ನಕ್ಕರು. “ಅಂಜುಬುರುಕ ಮಾಮಾ” ಎಂದು ಅಕ್ಕನ ಅತ್ತೆಯೂ ಸೆರಗು ಬಾಯಿಗೆ ಹಿಡಿದರು. ಆ ನಗುವಿನ ನಡುವೆ ಅಕ್ಕ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಬಹಳ ಹೊತ್ತು ನೀರಿನೊಳಗೆ ಇದ್ದು ಮೇಲೆ ಬಂದವರ ಉಸಿರು. ಕಾಕು ಹಳದಿ ಕುಲಾವಿಯನ್ನು ತೊಡಿಸಿ ಲಾಡಿ ಕಟ್ಟಿದಳು.

ಗ್ಯಾಲರಿಗೆ ಬಂದು ಹಾಸಿಗೆಯ ಸುರುಳಿಯ ಮೇಲೆ ಕೂತೆ. ಒಳಗೆ ಜೋಗುಳ ಶುರುವಾಯಿತು. ಹೆಂಗಸರು ತೊಟ್ಟಿಲು ತೂಗುತ್ತಾ ಒಂದು ಸಾಲು ಹಾಡುವುದು, ಕೊನೆಗೆ ಎಲ್ಲರೂ ಸೇರಿ ‘ಜೋ ಜೋ’ ಎನ್ನುವುದು. ನನ್ನ ದನಿ ಒಡಕು, ಶ್ರುತಿ ಗೊತ್ತಿಲ್ಲ. ಆದರೂ ‘ಜೋ ಜೋ’ ಬಂದಾಗಲೆಲ್ಲ ಹೊರಗಿನಿಂದ ನಾನೂ ದನಿ ಸೇರಿಸಿದೆ. ಅದನ್ನು ಯಾರೂ ಬೇಡ ಅನ್ನಲಿಲ್ಲ.